ಭಂಡಾರದ ಹೆಬ್ಬೆಟ್ಟು

ಆ ಕಾಗದಕ್ಕೆ ನಾನು ಎಲ್ಲಿ ಸಹಿ ಮಾಡಿದೆ ಎಂಬುದು ನನಗೆ ಖಚಿತವಿಲ್ಲ. ಸಹಿ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಸಹಿ ಮಾಡಿದ ಜಾಗಗಳು ನನ್ನ ನೆನಪಿನಲ್ಲಿ ಎರಡಿವೆ. ಒಂದರಲ್ಲಿ ನಾನು ಚಿಕ್ಕೋಡಿಯ ತಹಶೀಲ್ದಾರ್ ಕಚೇರಿಯ ಎದುರು, ತಗಡಿನ ಚಪ್ಪರದ ಕೆಳಗೆ, ಬಾಂಡ್ ರೈಟರರ ಅಲುಗಾಡುವ ಟೇಬಲ್ಲಿನ ಮೇಲೆ ಬಾಗಿದ್ದೇನೆ. ಟೇಬಲ್ಲಿನ ಒಂದು ಕಾಲಿನ ಕೆಳಗೆ ಹಂಚಿನ ಚೂರು ಕೊಟ್ಟಿದ್ದಾರೆ. ಇನ್ನೊಂದರಲ್ಲಿ ಯಡೂರಿನ ನನ್ನ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತಿದ್ದೇನೆ. ಕಾಗದದ ಕೆಳಗೆ ಆಧಾರಕ್ಕೆಂದು ಊಟದ ತಾಟನ್ನು ಬೋರಲು ಹಾಕಿದ್ದಾರೆ. ಎರಡರಲ್ಲೂ ಪೆನ್ನು ನೀಲಿ. ಎರಡರಲ್ಲೂ ಸೆಕೆ.

ವಿವರಗಳಿದ್ದರೆ ನೆನಪು ನಿಜ ಎಂದು ಜನ ನಂಬುತ್ತಾರೆ. ನಾನು ನಂಬುವುದಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ, ನಿಪ್ಪಾಣಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತ ಬಂದವನು ನಾನು. ಪ್ರತಿ ವರ್ಷ ಮೊದಲ ತಿಂಗಳು ಹುಡುಗರಿಗೆ ಒಂದೇ ಉದಾಹರಣೆ ಕೊಡುತ್ತಿದ್ದೆ. ನನ್ನ ಅತ್ತೆಗೆ ಒಬ್ಬಳೇ ಮಗಳಿದ್ದಳು, ಹುಟ್ಟು ಕಿವುಡಿ. ಏಳು ವರ್ಷದವಳಿದ್ದಾಗ, ಕೃಷ್ಣೆ ಏರುತ್ತಿದ್ದ ಒಂದು ಮಧ್ಯಾಹ್ನ, ತಪ್ಪಿಸಿಕೊಂಡ ಕುರಿಮರಿಯ ಹಿಂದೆ ಹೊಳೆಯ ಕಡೆ ಇಳಿದಳು. ಅತ್ತೆ ದಂಡೆಯ ಮೇಲೆ ನಿಂತು ಕೂಗಿದಳು. ಹುಡುಗಿ ತಿರುಗಿ ನೋಡಲಿಲ್ಲ. ಅವಳ ಹಸಿರು ಲಂಗ, ನೀರಿನ ಮಣ್ಣು ಬಣ್ಣ, ಅತ್ತೆಯ ಎತ್ತಿದ ಕೈ ನನಗೆ ಸ್ಪಷ್ಟವಾಗಿ ನೆನಪಿವೆ. ಆದರೆ ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. 'ಆದ್ದರಿಂದ ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸಿ' ಎಂದು ಪಾಠ ಮುಗಿಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು.

ಅತ್ತೆ ನನ್ನ ತಂದೆಯ ಅಕ್ಕ. ನಮ್ಮದು ಕುರಿ ಕಾಯುವ ಮನೆತನ. ಅವಳನ್ನು ಕೊಟ್ಟ ಮನೆಯಲ್ಲಿ ಕುರಿಯ ಜೊತೆಗೆ ಒಂದಿಷ್ಟು ಕಬ್ಬಿನ ಹೊಲವೂ ಇತ್ತು. ಗಂಡ ಬೇಗ ತೀರಿಕೊಂಡ ಮೇಲೆ ಅವನ ಪಾಲಿನ ಒಂದೂವರೆ ಎಕರೆ ಅವಳ ಹೆಸರಿಗೆ ಬಂತು. ಅದನ್ನು ಉಳುತ್ತಿದ್ದವನು ಮೈದುನನ ಮಗ. ಪಕ್ಕದ ಮನೆಯಲ್ಲೇ ಇದ್ದ. ಅವಳಿಗೆ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಊಟ ಅವನ ಮನೆಯಿಂದಲೇ ಬರುತ್ತಿತ್ತು. ಅವನು ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಅಥಣಿ ಕಡೆ ಕಿವುಡ ಮಕ್ಕಳ ಶಾಲೆಯೊಂದಿದೆ ಎಂದು ಅತ್ತೆಗೆ ಹೇಳಿದವನು ನಾನೇ. ನೋಡಬೇಕೆಂದು ಹಟ ಹಿಡಿದಳು. ಗೆಳೆಯನ ಜೀಪಿನಲ್ಲಿ ಕರೆದುಕೊಂಡು ಹೋದೆ. ಅಂಗಳದಲ್ಲಿ ಹತ್ತು ಹನ್ನೆರಡು ಮಕ್ಕಳು ನಮಗೆ ಬೆನ್ನು ಹಾಕಿ ಆಡುತ್ತಿದ್ದರು. ಅತ್ತೆ ಗೇಟಿನಲ್ಲಿ ನಿಂತು, ಹೊಲದಲ್ಲಿ ಕರೆಯುವಂತೆ, 'ಏ ಕೂಸೇ, ಬಾ ಇಲ್ಲಿ' ಎಂದು ಕೂಗಿದಳು. ಒಬ್ಬರೂ ತಿರುಗಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಶಾಲೆ ನಡೆಸುತ್ತಿದ್ದ ಬಾಯಿಯವರು ಒಳಗಿನಿಂದ ಬಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದು ಹಾಗೆಯೇ. ಅವರು ಜಗುಲಿಯ ಹಲಗೆಯ ಮೇಲೆ ಕಾಲಿನಿಂದ ಎರಡು ಸಲ ಒದ್ದರು. ಜಗುಲಿಯ ಮೇಲಿದ್ದ ಮಕ್ಕಳು ಒಮ್ಮೆಲೇ ತಿರುಗಿದರು, ಅಂಗಳದವರಿಗೆ ಕೈಸನ್ನೆ ಮಾಡಿದರು.

'ನೆಲಾ ಬಡದ್ರ ಅವಕ್ಕ ತಿಳೀತೈತೇನ್ರಿ?' ಎಂದು ಅತ್ತೆ ಕೇಳಿದಳು.

'ಹೌದ್ರಿ ಅಮ್ಮಾ. ಕಾಲಾಗ ಕೇಳ್ತೈತಿ ಅವಕ್ಕ.'

ಅತ್ತೆ ಅಂಗೈಯಿಂದ ನೆಲವನ್ನು ಒಮ್ಮೆ ತಟ್ಟಿ ನೋಡಿದಳು. ಆಮೇಲೆ ನನಗಲ್ಲ, ಬಾಯಿಯವರಿಗೂ ಅಲ್ಲ, ಸುಮ್ಮನೆ ಹೇಳಿಕೊಂಡಳು: 'ಹೊಳಿ ದಂಡ್ಯಾಗ ನೆಲಾ ಮೆತ್ತಗ ಇರತೈತಿ. ಒದ್ರೂ ತಿಳೀತಿರಲಿಲ್ಲ ಬಿಡು.'

ಶಾಲೆಯ ಹೆಣ್ಣುಮಕ್ಕಳು ಮಲಗುತ್ತಿದ್ದುದು ಬಾಡಿಗೆಯ ಹಳೆಯ ಮನೆಯೊಂದರಲ್ಲಿ. ಮನೆ ಖಾಲಿ ಮಾಡಿ ಎಂದು ಮಾಲಕ ಆಗಲೇ ಎರಡು ಸಲ ಹೇಳಿದ್ದನಂತೆ. ಅತ್ತೆ ಆ ಮನೆಯನ್ನೂ ನೋಡಿದಳು. ಗೋಡೆಗೆ ಕೈ ಒತ್ತಿದರೆ ಮಣ್ಣು ಕೈಗೆ ಬರುತ್ತಿತ್ತು. ಜೀಪಿನಲ್ಲಿ ವಾಪಸು ಬರುವಾಗ ಕೃಷ್ಣೆಯ ಸೇತುವೆ ದಾಟಿದ ಮೇಲೆ ಕೇಳಿದಳು: 'ಲೇ, ಸಾಲಿ ಕಲತಾಂವಾ. ಸತ್ತ ಮ್ಯಾಲ ಹೊಲಾ ಕೊಡಬೇಕಂದ್ರ ಏನ ಮಾಡಬೇಕು?'

'ಮೃತ್ಯುಪತ್ರ ಮಾಡಸಬೇಕು.'

'ಹೆಸರ ಎಷ್ಟ ಚಂದ ಇಟ್ಟಾರ ನೋಡು. ಕೇಳಿದ್ರ ಅರ್ಧಾ ಜೀವಾ ಅಲ್ಲೇ ಹೋಗಬೇಕು.' ನಕ್ಕಳು. ನಾನೂ ನಕ್ಕೆ.

ಚಿಕ್ಕೋಡಿಯ ಬಾಂಡ್ ರೈಟರರು ತಗಡಿನ ಚಪ್ಪರದ ಕೆಳಗೆ ಜನರ ಕಾಗದಪತ್ರ ಬರೆಯುತ್ತ ಮೂವತ್ತು ವರ್ಷ ಕುಳಿತವರು. ಅವರು ಬರೆದದ್ದು ಚಿಕ್ಕದಾಗಿತ್ತು: ಅತ್ತೆಯ ಮರಣದ ನಂತರ ಒಂದೂವರೆ ಎಕರೆ ಶಾಲೆಗೆ ಸೇರತಕ್ಕದ್ದು, ಅದನ್ನು ಮಾರಿ ಹೆಣ್ಣುಮಕ್ಕಳಿಗೆ ಮಲಗಲು ಎರಡು ಖೋಲಿ ಕಟ್ಟಿಸತಕ್ಕದ್ದು. ಮನೆ ಮತ್ತು ಕುರಿಗಳು ಮೈದುನನ ಮಗನಿಗೆ. ಬರೆದು ಮುಗಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದರು.

'ಸಾಕ್ಷಿ ಸಹಿ ಈಗ ಮಾಡಿ ಹೋಗ್ರಿ ಸರ. ಮುದುಕರ ಹೆಬ್ಬೆಟ್ಟ ಮನ್ಯಾಗ ಆಗತೈತಿ. ಆಮ್ಯಾಲ ಸಾಕ್ಷಿ ಹುಡುಕ್ಕೋತ ನಾ ಎಲ್ಲಿ ತಿರಗಲಿ? ಒಬ್ಬಾಂವ ಕಬ್ಬ ಕಡ್ಯಾಕ ಹೋಗಿರತಾನ, ಒಬ್ಬಾಂವ ಲಗ್ನಕ್ಕ ಹೋಗಿರತಾನ.'

ಅವರ ಪದ್ಧತಿ ಅದು. ಎಲ್ಲರಿಗೂ ಗೊತ್ತಿತ್ತು. ಸಾಕ್ಷಿಗಳು ಮೊದಲು, ಹೆಬ್ಬೆಟ್ಟು ನಂತರ. ಮಾತಿನ ಮೇಲೆ ನಡೆಯುವ ಊರುಗಳಲ್ಲಿ ಯಾರು ಮೊದಲು ಯಾರು ನಂತರ ಎಂದು ಯಾರೂ ಕೇಳುವುದಿಲ್ಲ. ಕಾನೂನು ಕೇಳುತ್ತದೆ. ಹೆಬ್ಬೆಟ್ಟು ಒತ್ತಿದ್ದನ್ನು ಸಾಕ್ಷಿ ಕಂಡಿರಬೇಕು, ಆಮೇಲೆ ಒತ್ತಿದವರ ಎದುರಿಗೇ ಸಹಿ ಮಾಡಿರಬೇಕು. ಇದು ನನಗೆ ಅಂದು ಗೊತ್ತಿತ್ತೇ? ಗೊತ್ತಿತ್ತು ಎಂದುಕೊಳ್ಳುತ್ತೇನೆ. ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗಿ ಸೀಳುತ್ತದೆ.

ಮೊದಲನೆಯ ನೆನಪಿನಲ್ಲಿ ನಾನು ಅಲ್ಲೇ ಸಹಿ ಹಾಕುತ್ತೇನೆ. ಕಾಗದವನ್ನು ಎರಡನೆಯ ಸಾಕ್ಷಿ, ಅತ್ತೆಯ ನೆರೆಮನೆಯ ನಿವೃತ್ತ ಮಾಸ್ತರರು ಒಯ್ಯುತ್ತಾರೆ. ನಾನು ಪರೀಕ್ಷೆಯ ಕೆಲಸಕ್ಕೆಂದು ನಿಪ್ಪಾಣಿಯ ಬಸ್ಸು ಹಿಡಿಯುತ್ತೇನೆ. ಯಡೂರಿನಲ್ಲಿ ಆದದ್ದನ್ನು ಮಾಸ್ತರರು ಫೋನಿನಲ್ಲಿ ಹೇಳುತ್ತಾರೆ. ಎರಡನೆಯದರಲ್ಲಿ ನಾನು ಸಹಿ ಹಾಕದೆ ಮಾಸ್ತರರ ಜೊತೆ ಯಡೂರಿಗೆ ಹೋಗುತ್ತೇನೆ. ಅಲ್ಲಿ ಏನಾಯಿತು ಎಂಬುದು ಮಾತ್ರ ಎರಡರಲ್ಲೂ ಒಂದೇ.

ಮಾಸ್ತರರು ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದರು.

'ಇದೇನ ತಂದೀರಿ ಮಾಸ್ತರ, ಕಾಡಿಗಿ ಡಬ್ಬಿ? ಈ ವಯಸ್ಸಿನ್ಯಾಗ ನನಗ ಸಿಂಗಾರ ಮಾಡ್ತೀರೇನು?'

'ಹೆಬ್ಬೆಟ್ಟ ಒತ್ತಬೇಕ ಅಕ್ಕಾ.'

'ಒತ್ತೂದಿಲ್ಲ ಅಂದ್ನೇನು? ಕರಿ ಬ್ಯಾಡ. ಪಗಾರ ತಗೊಳ್ಳಾಕ ಕರಿ ಒತ್ತೀನಿ, ರೇಶನ್ನಿಗೆ ಮಶೀನಿನ ಮ್ಯಾಲ ಒತ್ತೀನಿ. ಅವು ತಗೊಳ್ಳೂವು. ಇದು ಕೊಡೂದು. ಕೊಡೂದಕ್ಕ ಕರಿ ಹಚ್ಚಿದ್ರ ಮುಟ್ಟತೈತೇನು?'

ವಿಧವಾ ವೇತನವನ್ನು ಅವಳು ಪಗಾರ ಎನ್ನುತ್ತಿದ್ದಳು. ಒಳಗಿನ ದೇವರ ಜಗುಲಿಯಿಂದ ಬಟ್ಟಲು ತಂದಳು. ಅದರಲ್ಲಿ ಚಿಂಚಲಿಯ ಮಾಯಕ್ಕನ ಭಂಡಾರ, ಅಂದರೆ ದೇವಿಗೆ ತೂರಿದ ಅರಿಶಿನದ ಪುಡಿ. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮಾತಾಗಲಿ, ದೇವರಿಗೆ ಮರಿ ಬಿಡುವ ಮಾತಾಗಲಿ, ಭಂಡಾರ ಮುಟ್ಟಿ ಹೇಳಿದರೆ ಮುಗಿಯಿತು. ಅದರ ಮೇಲೆ ಕಾಗದ ಕೇಳುವುದು ದೇವಿಯ ಮೇಲೆ ಅನುಮಾನ ಪಟ್ಟ ಹಾಗೆ. ಅವಳು ನಾಲ್ಕು ಹನಿ ನೀರು ಹಾಕಿ ಕಲಸಿ, ಹೆಬ್ಬೆರಳು ಅದ್ದಿ, ಕಾಗದದ ಮೇಲೆ ಒತ್ತಿದಳು. ಒತ್ತಿದ ಮೇಲೂ ಬೆರಳು ಎತ್ತಲಿಲ್ಲ. ಎತ್ತಿದಾಗ ಅಲ್ಲಿ ಒಂದು ಹಳದಿ ಮುದ್ದೆ ಇತ್ತು. ಬೆರಳಿನ ಗೆರೆ ಒಂದೂ ಮೂಡಿರಲಿಲ್ಲ.

'ಏನ ಸರ, ನಡೀತೈತೇನು?' ಎಂದು ಮಾಸ್ತರರು ಕೇಳಿದರು, ಫೋನಿನಲ್ಲೋ ಎದುರಿಗೋ.

'ನಡೀತೈತಿ' ಎಂದೆ.

ಇದು ನನ್ನ ಮಾತು. ಇದೊಂದು ಎರಡೂ ನೆನಪುಗಳಲ್ಲಿದೆ. ಯಾಕೆ ಅಂದೆ ಎಂಬುದೂ ಗೊತ್ತು. ಆ ಹಳದಿ ಗುರುತು, ಅಥವಾ ಅದರ ವರ್ಣನೆ, ನನಗೆ ಚೆಂದ ಕಂಡಿತು. ನಾನು ಭಂಡಾರವನ್ನು ನಂಬುವವನಲ್ಲ. ನಂಬುವವನಾಗಿದ್ದರೆ ಬಹುಶಃ, ದೇವಿಗೆ ಬೇರೆ ಹಳದಿ, ಕೋರ್ಟಿಗೆ ಬೇರೆ ಕರಿ ಎಂದು ಅವಳ ಜೊತೆ ಜಗಳ ಮಾಡುತ್ತಿದ್ದೆ. ನಂಬದವನಿಗೆ ಇಂಥದ್ದು ದೂರದಿಂದ ನೋಡಿ ಮೆಚ್ಚುವ ವಸ್ತು. ಸಬ್ ರಿಜಿಸ್ಟ್ರಾರರನ್ನು ಮನೆಗೇ ಕರೆಸಿ ನೋಂದಣಿ ಮಾಡಿಸೋಣ ಎಂದು ಆಮೇಲೆ ಒಮ್ಮೆ ಹೇಳಿದೆ. 'ಭಂಡಾರ ಹಚ್ಚಿದ ಮ್ಯಾಲ ಮತ್ಯಾರ ಶಿಕ್ಕಾ ಬೇಕಲೇ?' ಎಂದಳು. ನಾನು ಒತ್ತಾಯಿಸಲಿಲ್ಲ.

ಮಾಸ್ತರರು ಮರುವರ್ಷ ತೀರಿಕೊಂಡರು. ಅತ್ತೆ ಅದರ ಮುಂದಿನ ಬೇಸಿಗೆಯಲ್ಲಿ. ಕೊನೆಯ ನಾಲ್ಕು ತಿಂಗಳು ಅವಳಿಗೆ ಏಳಲಾಗುತ್ತಿರಲಿಲ್ಲ. ಮೈದುನನ ಮಗನೇ ಎತ್ತಿ ಹೊರಗೆ ಒಯ್ಯುತ್ತಿದ್ದ, ಅವನ ಹೆಂಡತಿ ತೊಳೆಯುತ್ತಿದ್ದಳು. ನಾನು ತಿಂಗಳಿಗೊಮ್ಮೆ ಹೋಗಿ ಒಂದು ತಾಸು ಕುಳಿತು ಬರುತ್ತಿದ್ದೆ.

ಕಾಗದ ಹೊರಗೆ ಬಂದಾಗ ಅವನು ಕಾಗದವನ್ನು ಓದಲಿಲ್ಲ. ಹಳದಿ ಗುರುತನ್ನು ನೋಡಿದ. ಒಂದಿಷ್ಟು ಉದುರಿ ಹೋಗಿ, ಉಳಿದದ್ದು ಸಾರಿನ ಕಲೆಯಂತೆ ಕಾಣುತ್ತಿತ್ತು.

'ಅಣ್ಣಾ, ಇದು ದೊಡ್ಡವ್ವನ ಹೆಬ್ಬೆಟ್ಟೋ, ಯಾರರ ಉಂಡ ಕೈ ಒರಸ್ಯಾರೋ?'

'ಆಕಿದ.'

'ನೀವು ನೋಡೀರೇನು?'

ಆ ಪ್ರಶ್ನೆಯನ್ನು ಮೊದಲು ಕೇಳಿದವನು ಅವನೇ. ನಾನು ಹೂಂ ಎಂದೆ. ಹೂಂ ಎಂದ ಕ್ಷಣದಲ್ಲೇ ಬಾಂಡ್ ರೈಟರರ ಟೇಬಲ್ಲು, ಅದರ ಕಾಲಿನ ಕೆಳಗಿನ ಹಂಚು ಕಣ್ಣ ಮುಂದೆ ಬಂದವು. ಅದಕ್ಕೂ ಮುಂಚೆ ಆ ನೆನಪು ನನ್ನಲ್ಲಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಕೇಸು ಚಿಕ್ಕೋಡಿಯ ಕೋರ್ಟಿನಲ್ಲಿ ನಡೆಯಿತು. ಅತ್ತೆಯ ಹಳೆಯ ಹೆಬ್ಬೆಟ್ಟುಗಳು ಬ್ಯಾಂಕಿನಲ್ಲಿ ಬೇಕಾದಷ್ಟಿದ್ದವು. ಆದರೆ ಗೆರೆಯಿಲ್ಲದ ಹಳದಿಯನ್ನು ಅವುಗಳ ಜೊತೆ ಹೋಲಿಸುವುದು ಸಾಧ್ಯವಿಲ್ಲ ಎಂದು ಬೆರಳಚ್ಚಿನ ತಜ್ಞರು ಒಂದೇ ಸಾಲಿನಲ್ಲಿ ಬರೆದು ಕಳಿಸಿದರು. ಮಾಸ್ತರರು ಇರಲಿಲ್ಲ. ಬಾಂಡ್ ರೈಟರರು ಲಕ್ವ ಹೊಡೆದು, ಕೆಲಸ ಬಿಟ್ಟು, ನಿಪ್ಪಾಣಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಕೇಳಿದ್ದೆವು. ಅವರು ಬೇಡ, ಸಹಿ ಹಾಕಿದ ಸಾಕ್ಷಿ ಒಬ್ಬ ಸಾಕು ಎಂದರು ಶಾಲೆಯ ವಕೀಲರು. ಎರಡು ಖೋಲಿಗಳು ಏಳುವುದು ಬಿಡುವುದು ನನ್ನ ಬಾಯಿಯ ಮೇಲೆ ಬಂದು ನಿಂತಿತು.

'ಎರಡ ಮಾತ ಹೇಳ್ರಿ ಸರ, ಮುಗೀತು' ಎಂದರು ವಕೀಲರು. 'ಆಕಿ ಒತ್ತಿದ್ದು ನೋಡೀನಿ. ಆಕಿ ಮುಂದ ಸಹಿ ಮಾಡೀನಿ.'

'ನನಗ ಹಂಗ ನೆನಪ ಐತಿ. ಆದ್ರ ಮತ್ತೊಂದ ನಮೂನಿನೂ ನೆನಪ ಐತಿ.'

ಅವರು ನನ್ನನ್ನು ದಿಟ್ಟಿಸಿ ನೋಡಿದರು. 'ನೆನಪ ಯಾರ ಕೇಳ್ಯಾರ ಸರ? ಹೇಳೂದಷ್ಟ ನಿಮ್ಮ ಕೆಲಸ.'

ಸಾಕ್ಷಿ ಹೇಳುವ ಹಿಂದಿನ ದಿನ ಮೈದುನನ ಮಗ ಫೋನು ಮಾಡಿದ. ಬೆದರಿಸಲು ಇರಬಹುದು ಎಂದುಕೊಂಡೆ. ಹಾಗಾಗಿದ್ದರೆ ಒಳ್ಳೆಯದಿತ್ತು. 'ಅಣ್ಣಾ, ನಂದೇನ ಚಿಂತಿ ಇಲ್ಲ' ಎಂದ. 'ನೀವು ಕಲತಾವ್ರು. ಸುಳ್ಳ ಹೇಳಾವ್ರಲ್ಲ ಅಂತ ಮನ್ಯಾಗ ಎಲ್ಲಾರಿಗೂ ಹೇಳೀನಿ.'

ಅವನ ವಕೀಲ ನಿಪ್ಪಾಣಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಮುಂದಿನ ಬೆಂಚಿನವನಲ್ಲ, ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದವನು. ಮರುದಿನ ಕೋರ್ಟಿನಲ್ಲಿ ಎದ್ದು ನಿಂತು ನಮಸ್ಕಾರ ಮಾಡಿಯೇ ಪಾಟೀಸವಾಲು ಶುರು ಮಾಡಿದ.

'ಸರ, ನಿಮ್ಮ ಅತ್ತಿ ಮಗಳು ಹೊಳ್ಯಾಗ ಹೋಗಿದ್ದು ನಿಮಗ ನೆನಪೈತ್ರೀ?'

ಶಾಲೆಯ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಉತ್ತರ ಕೊಡಿ ಎಂದರು.

'ಐತಿ.'

'ಲಂಗದ ಬಣ್ಣಾ ಯಾವುದ್ರಿ?'

'ಹಸರ.'

'ಆವಾಗ ನಿಮ್ಮ ವಯಸ್ಸ ಎಷ್ಟರೀ?'

'ಹುಟ್ಟಿರಲಿಲ್ಲ.'

ಹಿಂದೆ ಯಾರೋ ನಕ್ಕರು. ಅವನು ನಗಲಿಲ್ಲ. 'ಕಣ್ಣಾರೆ ಕಂಡೆ ಅನ್ನಾವ್ನ ಮದಲ ಅನುಮಾನಿಸ್ರಿ ಅಂತ ನೀವ ಬರಸೀರಿ ಸರ. ನನ್ನ ನೋಟ್ಸಿನ್ಯಾಗ ಐತಿ. ಈಗ ಒಂದ ಕೇಳ್ತೀನ್ರಿ. ಮುದುಕಿ ಹೆಬ್ಬೆಟ್ಟ ಒತ್ತಿದ್ದು ಕಂಡ ಮ್ಯಾಲ, ಆಕಿ ಎದುರಿಗೇ ನೀವು ಸಹಿ ಮಾಡೀರಿ ಅಂತ ಖಚಿತವಾಗಿ ಹೇಳ್ತೀರೇನು?'

ಬಾಯಿಯವರು ಎರಡನೆಯ ಸಾಲಿನ ಬೆಂಚಿನ ಮೇಲೆ ಕುಳಿತಿದ್ದರು. ತಮ್ಮ ಜೊತೆ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಿದ್ದರು. ಆ ಮಕ್ಕಳು ನನ್ನ ತುಟಿಗಳನ್ನು ನೋಡುತ್ತಿದ್ದರು. ಅವರಿಗೆ ಕೇಳಿಸುವುದು ಹಾಗೆಯೇ.

'ಖಚಿತವಾಗಿ ಹೇಳಲಾರೆ' ಎಂದೆ.

ಕೋರ್ಟಿನ ಗುಮಾಸ್ತ ಟೈಪು ಮಾಡಿದ: ಸಾಕ್ಷಿದಾರನು ಖಚಿತವಾಗಿ ಹೇಳಲಾರೆನೆಂದು ನುಡಿದನು. ನ್ಯಾಯಾಧೀಶರು ಅದನ್ನು ಓದಿ ಹೇಳಿದರು. ಸರಿಯಿದೆ ಎಂದು ಸಹಿ ಮಾಡಿದೆ. ಆ ಸಹಿಯ ಬಗ್ಗೆ ನನಗೆ ಒಂದೇ ನೆನಪಿದೆ.

ಹೊರಗೆ ಬಂದಾಗ ಮೈದುನನ ಮಗ ಗೇಟಿನಲ್ಲಿ ನಿಂತಿದ್ದ. 'ಬರ್ರಿ ಅಣ್ಣಾ, ಚಾ ಕುಡಿಯೂಣು' ಎಂದ. ಹೋದೆ. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ದೊಡ್ಡವ್ವ ಕೊನೆಗೆ ಒಂದು ಚಮಚ ಗಂಜಿ ಇಳಿಸಲು ಎಷ್ಟು ಒದ್ದಾಡಿದಳು ಎಂದು ಹೇಳುತ್ತ ಅವನು ಅತ್ತ. ನಾಟಕವಲ್ಲ ಅದು. ಅವನಿಗೂ ಒಂದು ಹಕ್ಕಿತ್ತು. ಆದರೆ ಅವನ ಹಕ್ಕನ್ನು ತೂಗಿ ನಾನು ಹಾಗೆ ನುಡಿದಿರಲಿಲ್ಲ. ನನ್ನ ಬಗ್ಗೆ ನನಗಿದ್ದ ಒಂದು ಅಭಿಪ್ರಾಯವನ್ನು ಕಾಪಾಡಿಕೊಳ್ಳಲು ನುಡಿದಿದ್ದೆ. ಸುಳ್ಳಾಡದವನು, ಸುಲಭಕ್ಕೆ ನಂಬದವನು, ತನ್ನನ್ನೂ ನಂಬದವನು.

ತೀರ್ಪು ಶಾಲೆಯ ವಿರುದ್ಧ ಬಂತು. ಮೃತ್ಯುಪತ್ರ ಸಾಬೀತಾಗಿಲ್ಲ, ಹೊಲ ಗಂಡನ ವಾರಸುದಾರನಿಗೆ. ಬಾಯಿಯವರು ಮೇಲ್ಮನವಿಗೆ ಹೋಗಲಿಲ್ಲ. ಕ್ಷಮೆ ಕೇಳಲು ಅಥಣಿಗೆ ಹೋದಾಗ ಅವರು ನೀರು ಕೊಟ್ಟರು, ಕುರ್ಚಿ ಕೊಟ್ಟರು.

'ನಿಮ್ಮ ಮ್ಯಾಲ ಸಿಟ್ಟಿಲ್ರಿ ಸರ. ನೀವು ಖರೇ ಹೇಳಿದ್ರಿ' ಎಂದರು. ಆಮೇಲೆ ಹಾಜರಿ ಪುಸ್ತಕ ಮುಚ್ಚುತ್ತ, 'ಆದ್ರ ಖರೇ ಯಾವುದಂತ ನಿಮಗೂ ಗೊತ್ತಿರಲಿಲ್ಲ ಅಲ್ರಿ' ಎಂದರು.

ಆ ಮಳೆಗಾಲಕ್ಕೆ ಮುಂಚೆ ಬಾಡಿಗೆ ಮನೆ ಖಾಲಿಯಾಯಿತು. ಹತ್ತಿರದ ಮಕ್ಕಳು ಹಗಲು ಬಂದು ಹೋಗುತ್ತಾರೆ. ಕಾಗವಾಡದ ಆಚೆಯ, ರಾಯಬಾಗದ ಕಡೆಯ ಹೆಣ್ಣುಮಕ್ಕಳು ಊರಿಗೆ ಹೋದರು. ಅವರಲ್ಲಿ ಒಬ್ಬಳನ್ನು ಏಕಸಂಬಿಯ ಸಂತೆಯಲ್ಲಿ ಕಂಡೆ. ಮೆಣಸಿನಕಾಯಿಯ ಗುಡ್ಡೆಯ ಹಿಂದೆ ಕುಳಿತಿದ್ದಳು. ಅವಳ ತಾಯಿ, ಅಥವಾ ಅತ್ತಿಗೆ, ಮೇಲಿಂದ ಮೇಲೆ ಅವಳ ತಲೆಗೆ ತಟ್ಟಿ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಕೋರ್ಟಿಗೆ ಬಂದಿದ್ದ ಇಬ್ಬರಲ್ಲಿ ಅವಳೂ ಒಬ್ಬಳು ಎಂದುಕೊಂಡೆ. ಆಣೆ ಮಾಡಿ ಹೇಳಲಾರೆ. ನನ್ನನ್ನು ನೋಡಿ ಅವಳು ಏನೂ ತೋರಗೊಡಲಿಲ್ಲ.

ಇಷ್ಟೆಲ್ಲ ಆಗಿ, ಮೇಲ್ಮನವಿಯ ಅವಧಿ ಮುಗಿದು, ಹೊಲ ಮಾರಾಟವಾಗಿ ಬೇರೆಯವರ ಕಬ್ಬು ನಿಂತ ಮೇಲೆ ನಾನು ಬಾಂಡ್ ರೈಟರರನ್ನು ಹುಡುಕಿಕೊಂಡು ಹೋದೆ. ಮೊದಲೇ ಹೋಗಬಹುದಿತ್ತು. ನಾನು ಪಾಠ ಮಾಡುತ್ತಿದ್ದ ಕಾಲೇಜಿನಿಂದ ಅವರ ಮಗಳ ಮನೆ ಹತ್ತು ನಿಮಿಷದ ನಡಿಗೆ. ನೆನಪನ್ನು ಅನುಮಾನಿಸುವುದನ್ನು ಕಲಿಸಿದವನಿಗೆ, ಅನುಮಾನ ಬಂದ ಮೇಲೆ ಎದ್ದು ಹೋಗಿ ದಾಖಲೆ ನೋಡಬೇಕು ಎಂಬ ಪಾಠದ ಉಳಿದರ್ಧ ಹೊಳೆಯಲಿಲ್ಲ.

ಅವರ ಬಲಗೈ ಬಿದ್ದುಹೋಗಿತ್ತು. ಮಾತು ಜೊಲ್ಲಿನ ಜೊತೆ ಬರುತ್ತಿತ್ತು. ನಾನು ಕೇಳಿದ್ದು ಅರ್ಥವಾಗಿ ಎಡಗೈಯಿಂದ ಮಂಚದ ಕೆಳಗೆ ತೋರಿಸಿದರು. ಮಗಳು ಟ್ರಂಕು ಎಳೆದಳು. ತಮ್ಮ ಪದ್ಧತಿಯನ್ನು ಮುರಿದವರನ್ನು ಅವರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ, ನಾಳೆ ಕಾಗದ ಬಿದ್ದರೆ ತಪ್ಪು ತಮ್ಮ ತಲೆಗೆ ಬರಬಾರದೆಂದು.

'ಯಾರೂ ಕೇಳಾಕ ಬರಲಿಲ್ಲರಿ' ಎಂದಳು ಮಗಳು.

ಪುಟ ಸಿಕ್ಕಿತು. ತಾರೀಖನ್ನು ಮೃತ್ಯುಪತ್ರದ ನಕಲಿನ ಜೊತೆ ಹೋಲಿಸಿದೆ, ಅದೇ. ಅತ್ತೆಯ ಹೆಸರು, ಹೊಲದ ಸರ್ವೆ ನಂಬರು ಹೋಲಿಸಿದೆ, ಅವೇ. ಕೆಳಗೆ ಅವರ ಆರೋಗ್ಯವಂತ ಬಲಗೈಯ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು: ಕಾಲೇಜಿನ ಸರ್ ಇಲ್ಲಿ ಸಹಿ ಮಾಡಲು ಒಪ್ಪಲಿಲ್ಲ, ಮುದುಕಿ ಹೆಬ್ಬೆಟ್ಟು ಒತ್ತಿದ್ದನ್ನು ನೋಡಿ ಅವಳ ಎದುರಿಗೇ ಮಾಡುತ್ತೇನೆಂದು ಕಾಗದವನ್ನು ಸಹಿ ಹಾಕದೆ ಒಯ್ದರು.